ಸಿಂಹ ಗಿರ್‌ನದು, ಮುದ್ರೆ ಮುಂಬಯಿಯದು

ನಮ್ಮ ಸಂಘದ ವಾಚನಾಲಯದಲ್ಲಿ ಕಳೆದ ತಿಂಗಳು ಸದಸ್ಯರ ಹವ್ಯಾಸಗಳ ಪುಟ್ಟ ಪ್ರದರ್ಶನವೊಂದು ನಡೆಯಿತು. ಕಸೂತಿ, ನಾಣ್ಯ, ಹಳೆಯ ಗ್ರಾಮಾಫೋನ್ ತಟ್ಟೆಗಳ ನಡುವೆ ಹಿರಿಯ ಸದಸ್ಯರೊಬ್ಬರು ತಮ್ಮ ವನ್ಯಜೀವಿ ಮ್ಯಾಕ್ಸಿಮಮ್ ಕಾರ್ಡುಗಳನ್ನು ಮೂರು ಹಲಗೆಗಳ ಮೇಲೆ ಜೋಡಿಸಿದ್ದರು. ಬಂದವರೆಲ್ಲ ‘ಬಹಳ ಚೆನ್ನಾಗಿದೆ’ ಎಂದು ಹೇಳಿ ಕಾಫಿಯ ಕಡೆಗೆ ನಡೆದರು. ಇಷ್ಟರಿಂದ ಸಂಗ್ರಾಹಕರ ಶ್ರಮಕ್ಕೆ ನ್ಯಾಯ ಸಲ್ಲಿಸಿದಂತಾಗಲಿಲ್ಲವೆಂದು ನಮಗೆ ತೋರಿತು. ಅವರ ಒಪ್ಪಿಗೆ ಪಡೆದೇ ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಮ್ಯಾಕ್ಸಿಮಮ್ ಕಾರ್ಡು ಎಂದರೇನು? ಚಿತ್ರದ ಕಾರ್ಡೊಂದನ್ನು ತೆಗೆದುಕೊಂಡು, ಅದೇ ವಿಷಯದ ಅಂಚೆಚೀಟಿಯನ್ನು ವಿಳಾಸದ ಬದಿಗಲ್ಲ, ಚಿತ್ರದ ಬದಿಗೇ ಅಂಟಿಸಿ, ಅದರ ಮೇಲೆ ಅಂಚೆಯ ಮುದ್ರೆ ಹಾಕಿಸಿದರೆ ಅದು ಮ್ಯಾಕ್ಸಿಮಮ್ ಕಾರ್ಡು. ಚೀಟಿ, ಚಿತ್ರ, ಮುದ್ರೆ ಮೂರೂ ಪರಸ್ಪರ ಆದಷ್ಟು ಹೊಂದಬೇಕು. ವಿಷಯದಲ್ಲಿ ಹೊಂದಿಕೆ, ಸ್ಥಳದಲ್ಲಿ ಹೊಂದಿಕೆ, ಕಾಲದಲ್ಲಿ ಹೊಂದಿಕೆ ಎಂದು ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮವೇ ಇದೆ. ಕೇಳುವುದಕ್ಕೆ ಸುಲಭ. ಮಾಡಲು ಹೋದಾಗ ಮೂರರಲ್ಲಿ ಒಂದು ಕೈಕೊಡುತ್ತದೆ.

ನಮ್ಮ ಮೊದಲ ಆಕ್ಷೇಪ ಮೊದಲ ಹಲಗೆಯ ಬಗ್ಗೆಯೇ. ಅಲ್ಲಿನ ಕಾರ್ಡುಗಳಲ್ಲಿ ಅರ್ಧಕ್ಕರ್ಧ ಅಂಚೆಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿ ವ್ಯಾಪಾರಿಗಳು ಅಚ್ಚು ಹಾಕಿಸಿದಂಥವು. ಚೀಟಿಯಲ್ಲಿ ಹುಲಿ ಎಡಕ್ಕೆ ತಿರುಗಿದ್ದರೆ ಕಾರ್ಡಿನಲ್ಲೂ ಅದೇ ಹುಲಿ, ಅದೇ ಹುಲ್ಲು, ಅದೇ ಎಡ. ಇದು ಹೊಂದಿಕೆಯಲ್ಲ, ಪ್ರತಿಧ್ವನಿ. ಚೀಟಿಯು ಹೇಳದ ಏನನ್ನೋ ಕಾರ್ಡು ಹೇಳಿದಾಗಲಲ್ಲವೇ ಎರಡನ್ನೂ ಒಟ್ಟಿಗೆ ನೋಡುವ ಸುಖ? ಚೀಟಿಗಿಂತ ಮೊದಲೇ, ಬೇರೆ ಉದ್ದೇಶಕ್ಕೆ ಅಚ್ಚಾದ ಕಾರ್ಡಿಗೆ ಹೆಚ್ಚು ಬೆಲೆ ಕೊಡುವುದು ಇದೇ ಕಾರಣಕ್ಕೆ. 1983ರಿಂದ ವಿಶ್ವ ವನ್ಯಜೀವಿ ನಿಧಿಯ ಹೆಸರಿನಲ್ಲಿ ಚಂದಾದಾರರಿಗೆ ಬರುತ್ತಿದ್ದ ನಾಲ್ಕು ನಾಲ್ಕರ ಕಟ್ಟುಗಳೂ ಇಲ್ಲಿದ್ದವು. ಅಚ್ಚುಕಟ್ಟಾಗಿವೆ, ನಿಜ. ಆದರೆ ಅವುಗಳಲ್ಲಿ ಸಂಗ್ರಾಹಕರ ಪಾಲು ಹಣ ಕಟ್ಟಿದ್ದು ಮಾತ್ರ.

ಎರಡನೆಯ ಹಲಗೆಗೆ ಬಂದಾಗ ನಾವು ಕನ್ನಡಕ ಒರೆಸಿಕೊಂಡೆವು. 1976ರ ಅಕ್ಟೋಬರ್ 1ರಂದು ನಮ್ಮ ಅಂಚೆ ಇಲಾಖೆ ಬಾರಾಸಿಂಗ, ಸಿಂಹ, ಚಿರತೆ, ಕ್ಯಾರಕಲ್ ಬೆಕ್ಕು ಎಂಬ ನಾಲ್ಕು ಪ್ರಾಣಿಗಳ ಚೀಟಿಗಳನ್ನು ಹೊರತಂದಿತು. ಆ ಸಿಂಹದ ಚೀಟಿಗೆ ಸದಸ್ಯರು ಜೋಡಿಸಿದ್ದ ಕಾರ್ಡಿನ ಸಿಂಹವನ್ನು ನೋಡಿ: ಕಿವಿಗಳೇ ಕಾಣದಷ್ಟು ದಟ್ಟ ಕೇಸರ, ಹೊಟ್ಟೆಯ ಕೆಳಗೆ ಚರ್ಮದ ಮಡಿಕೆಯಿಲ್ಲ. ಗಿರ್ ಕಾಡಿನ ಸಿಂಹದ ಕೇಸರ ತೆಳುವು, ಕಿವಿಗಳು ಸಾಮಾನ್ಯವಾಗಿ ಕಾಣುತ್ತವೆ; ಹೊಟ್ಟೆಯುದ್ದಕ್ಕೂ ಇಳಿಬಿದ್ದ ಮಡಿಕೆಯೇ ಅದರ ಗುರುತು. ಎಂದರೆ ಭಾರತದ ಚೀಟಿಯ ಮೇಲಿನ ಸಿಂಹಕ್ಕೆ ಆಫ್ರಿಕದ ಸಿಂಹ ಜೊತೆಗೂಡಿದೆ! ಮೇಲೆ ಮುಂಬಯಿಯ ಸಾದಾ ಮುದ್ರೆ ಬೇರೆ. ಮುದ್ರೆಯಲ್ಲೇ ಸಿಂಹದ ಚಿತ್ರವಿದ್ದಿದ್ದರೆ ಒಪ್ಪಬಹುದಿತ್ತು. ಬರಿಯ ಊರ ಹೆಸರಾದರೆ ಅದು ಜುನಾಗಢವೋ ಅದರ ಸುತ್ತಿನ ಊರೋ ಆಗಿರಬೇಕು. ಮುಂಬಯಿಯಲ್ಲಿ ಸಿಂಹ ಇರುವುದು ಬೋನಿನಲ್ಲಿ.

ಬಾರಾಸಿಂಗದ ಕಾರ್ಡು ಇದಕ್ಕೆ ಪ್ರಾಯಶ್ಚಿತ್ತದಂತಿದೆ. ಈ ಜಿಂಕೆಯಲ್ಲಿ ಜೌಗಿನಲ್ಲಿ ಬದುಕುವ ಬಗೆ ಬೇರೆ, ಮಧ್ಯಪ್ರದೇಶದ ಕಾನ್ಹಾದ ಗಟ್ಟಿನೆಲದಲ್ಲಿ ಬದುಕುವ ಬಗೆ ಬೇರೆ. ಗೊರಸನ್ನು ನೋಡಿದರೇ ವ್ಯತ್ಯಾಸ ತಿಳಿಯುತ್ತದೆ. ಕಾನ್ಹಾದಲ್ಲಿ 1970ರ ವೇಳೆಗೆ 66 ಜಿಂಕೆಗಳಷ್ಟೇ ಉಳಿದಿದ್ದವು. ಸದಸ್ಯರು ಕಾನ್ಹಾದ ಹುಲ್ಲುಗಾವಲಿನ ಒಂದು ಹಳೆಯ ಪ್ರವಾಸೀ ಕಾರ್ಡನ್ನು ಎಲ್ಲಿಂದಲೋ ಹುಡುಕಿ, ಮಂಡಲಾದ ಅಂಚೆ ಕಚೇರಿಗೆ ತಾವೇ ಹೋಗಿ ಮುದ್ರೆ ಹಾಕಿಸಿದ್ದಾರೆ. ಬಣ್ಣ ಮಾಸಿದೆ, ಮೂಲೆಯೊಂದು ಮುರಿದಿದೆ. ಇಡೀ ಪ್ರದರ್ಶನದಲ್ಲಿ ನಿಯಮಕ್ಕೂ ಮನಸ್ಸಿಗೂ ಒಪ್ಪಿದ ಕಾರ್ಡು ನಮ್ಮ ಲೆಕ್ಕದಲ್ಲಿ ಇದೊಂದೇ.

ಮುದ್ರೆ ಹಾಕಿಸುವ ಕಷ್ಟ ಹೊರಗಿನವರಿಗೆ ತಿಳಿಯದು. ನುಣುಪಾದ ಕಾರ್ಡಿನ ಮೇಲೆ ಮಸಿ ಜಾರುತ್ತದೆ. ಒಣಗುವವರೆಗೂ ಅಂಗೈಯ ಮೇಲೆ ಹಿಡಿದುಕೊಂಡು ನಿಲ್ಲಬೇಕು. ಚೀಟಿಯನ್ನು ಚಿತ್ರದ ಮೇಲೆ ಅಂಟಿಸಿದ್ದು ತಪ್ಪೆಂದು ಒಂದು ಕಚೇರಿಯ ಗುಮಾಸ್ತರು ಮುದ್ರೆಯನ್ನು ಹಿಂಬದಿಗೆ ಒತ್ತಿಕೊಟ್ಟರಂತೆ. ಆ ಕಾರ್ಡನ್ನೂ ಸದಸ್ಯರು ಎಸೆದಿಲ್ಲ, ಬೇರೆ ಲಕೋಟೆಯಲ್ಲಿ ಇಟ್ಟಿದ್ದಾರೆ.

ಇನ್ನು ಕಡೆಯ ಹಲಗೆಯ ಮಾತು. ಇದನ್ನು ಬರೆಯುವಾಗ ನಮಗೆ ಸ್ವಲ್ಪ ಸಂಕಟವೇ ಆಗುತ್ತಿದೆ. 1976ರ ಫೆಬ್ರವರಿಯಲ್ಲಿ ಭರತಪುರದ ಕೇವಲಾದೇವ್ ಘಾನಾ ಪಕ್ಷಿಧಾಮದ ಸ್ಮರಣೆಗೆ ಬಣ್ಣದ ಕೊಕ್ಕರೆಗಳ ಚೀಟಿ ಬಂದಿತ್ತು. ಸದಸ್ಯರು ಅದನ್ನು ಅಂಟಿಸಿರುವುದು ಕೊಕ್ಕರೆ ಬೆಳ್ಳೂರಿನ ಹುಣಿಸೆ ಮರದ ಚಿತ್ರದ ಮೇಲೆ, ಮುದ್ರೆ ಮದ್ದೂರಿನದು, ಚಿತ್ರ ಅವರ ಸೋದರಳಿಯ ತೆಗೆದದ್ದು, ಕಾರ್ಡಿನಾಕಾರದಲ್ಲಿ ಮನೆಯವರೇ ಅಚ್ಚು ಹಾಕಿಸಿದ್ದು. ಹಕ್ಕಿ ಅದೇ, ಸಂದೇಹವಿಲ್ಲ. ಆದರೆ ಚೀಟಿ ಸ್ಮರಿಸುವ ಸ್ಥಳ ಭರತಪುರ. ಮುದ್ರೆಗೂ ಚೀಟಿಗೂ ನಡುವೆ ನಲವತ್ತಕ್ಕೂ ಹೆಚ್ಚು ವರ್ಷಗಳ ಅಂತರ. ಸ್ಪರ್ಧೆಗೆ ಇಟ್ಟರೆ ತೀರ್ಪುಗಾರರು ಮೊದಲು ಕೈಯಿಡುವುದು ಈ ಹಾಳೆಯ ಮೇಲೆ. ‘ನಮ್ಮ ಊರ ಕಡೆಯ ಕೊಕ್ಕರೆ’ ಎಂಬ ಅಭಿಮಾನ ಸ್ಥಳದ ಹೊಂದಿಕೆಯಾಗಲಾರದು. ಹೀಗೆಂದು ನಾವು ಅವರಿಗೆ ಹೇಳಿದೆವು.

ಅವರು ಸಿಟ್ಟಾಗಲಿಲ್ಲ. ಬೆಳ್ಳೂರಿನವರು ಈ ಕೊಕ್ಕರೆಗಳನ್ನು ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳೆಂದು ಭಾವಿಸುವುದನ್ನು ನೆನಪಿಸಿ, ‘ಐವತ್ತು ವರ್ಷದಿಂದ ಮುಂಬಯಿಯಲ್ಲಿದ್ದೇನೆ, ಇದೊಂದು ತಪ್ಪು ಇರಲಿ ಬಿಡಿ’ ಎಂದರು. ನಾವು ವಾದಿಸಲಿಲ್ಲ, ಆದರೆ ಅಭಿಪ್ರಾಯ ಬದಲಿಸಿಯೂ ಇಲ್ಲ. ಹಾಳೆಯನ್ನು ಸ್ಪರ್ಧೆಯ ಕಟ್ಟಿನಿಂದ ತೆಗೆದು ಮನೆಯ ಆಲ್ಬಮ್ಮಿಗೆ ಸೇರಿಸುವುದೆಂದು ಒಪ್ಪಂದವಾಯಿತು. ಅಂದು ನಾವು ಅತಿ ಹೆಚ್ಚು ಹೊತ್ತು ನಿಂತು ನೋಡಿದ್ದೂ ಆ ಹಾಳೆಯನ್ನೇ ಎಂಬುದನ್ನು ಮುಚ್ಚಿಡುವುದಿಲ್ಲ.

ಖಾಲಿಯಾದ ಆ ಜಾಗಕ್ಕೆ ಕನ್ನಡ ನಾಡಿನ ನ್ಯಾಯವಾದ ಹಕ್ಕುದಾರನೊಬ್ಬನಿದ್ದಾನೆ: ಕಾಟಿ. 1963ರ ಅಕ್ಟೋಬರ್ 7ರಂದು ಬಂದ ಐದು ವನ್ಯಜೀವಿ ಚೀಟಿಗಳಲ್ಲಿ 10 ನಯೇ ಪೈಸೆಯದು ಕಾಟಿಯ ಚೀಟಿ. ಬಂಡೀಪುರದ ಕಾಟಿಯ ಚಿತ್ರದ ಮೇಲೆ ಆ ಚೀಟಿಯನ್ನು ಅಂಟಿಸಿ, ಆ ಕಾಲದಲ್ಲೇ ಗುಂಡ್ಲುಪೇಟೆಯ ಮುದ್ರೆ ಹಾಕಿಸಿದ ಕಾರ್ಡು ಓದುಗರಲ್ಲಿ ಯಾರ ಮನೆಯ ಹಳೆಯ ಟ್ರಂಕಿನಲ್ಲಾದರೂ ಇದ್ದರೆ ಸಂಘದ ಕಚೇರಿಗೆ ದಯವಿಟ್ಟು ತಿಳಿಸಬೇಕು. ಬೆಲೆಯನ್ನು ಸದಸ್ಯರೊಂದಿಗೆ ನೇರವಾಗಿ ಮಾತನಾಡಿಕೊಳ್ಳಬಹುದು.