ಸಾಲದ ವಚನವನ್ನು ಬಿಟ್ಟು ಓದುವ ಪತ್ರ: ಬೀದರ್ ಸೀಮೆಯಲ್ಲಿ ಫಿಲೆಮೋನ

ಮೂರು ವರ್ಷಗಳ ವಾಚನಚಕ್ರದ 'ಸಿ' ವರ್ಷದಲ್ಲಿ, ಸಾಧಾರಣ ಕಾಲದ 23ನೆಯ ಭಾನುವಾರ, ಸಂತ ಪೌಲನು ಫಿಲೆಮೋನನಿಗೆ ಬರೆದ ಪತ್ರವು ಬಲಿಪೂಜೆಯ ಎರಡನೆಯ ವಾಚನವಾಗಿ ಬರುತ್ತದೆ. ಕಳೆದ ಸಲ ಅದು ಬಂದದ್ದು 2025ರ ಸೆಪ್ಟೆಂಬರ್ 7ರಂದು. 25 ವಚನಗಳ ಈ ಕಿರುಪತ್ರದಿಂದ ವಾಚನಗ್ರಂಥವು 9, 10 ಮತ್ತು 12ರಿಂದ 17ರವರೆಗಿನ ವಚನಗಳನ್ನು ಆಯ್ದುಕೊಂಡಿದೆ. ಒನೇಸಿಮನನ್ನು ಪ್ರಿಯ ಸಹೋದರನೆಂದು ಬರಮಾಡಿಕೊಳ್ಳುವ ಕೋರಿಕೆಯೊಂದಿಗೆ ಓದು ಮುಗಿಯುತ್ತದೆ. ಅವನು ನಿನಗೆ ಅನ್ಯಾಯ ಮಾಡಿದ್ದರೆ ಅಥವಾ ಸಾಲ ಉಳಿಸಿಕೊಂಡಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಬರೆದುಕೋ ಎನ್ನುವ 18ನೆಯ ವಚನವಾಗಲಿ, ತೀರಿಸುವ ಹೊಣೆಗೆ ಪೌಲನು ಸ್ವಹಸ್ತದಿಂದ ರುಜು ಹಾಕುವ 19ನೆಯ ವಚನವಾಗಲಿ ಭಾನುವಾರದ ಸಭೆಯ ಕಿವಿಗೆ ಬೀಳುವುದಿಲ್ಲ. ಬೀದರ್, ಭಾಲ್ಕಿ, ಔರಾದ್ ಸೀಮೆಯಲ್ಲಿ ಈ ಪತ್ರದ ಮೇಲೆ ಪ್ರಬೋಧನೆ ಮಾಡುವವರು ಈ ಕತ್ತರಿಯನ್ನು ಸಣ್ಣದೆಂದು ಭಾವಿಸಲಾಗದು ಎಂಬುದು ನಮ್ಮ ವಾದ.

ಏಕೆಂದರೆ ಈ ನೆಲದಲ್ಲಿ ಗುಲಾಮಗಿರಿಯ ಹುಟ್ಟು ಸಂಕೋಲೆಯಿಂದಲ್ಲ, ಸಾಲದಿಂದ. 1976ರ ಜೀತ ಕಾರ್ಮಿಕ ಪದ್ಧತಿ (ರದ್ದಿಯಾತಿ) ಕಾಯಿದೆಯು ದೇಶದ ಬಲವಂತದ ದುಡಿಮೆಯ ಹೆಸರುಗಳನ್ನು ಸಾಲಾಗಿ ಪಟ್ಟಿಮಾಡುತ್ತದೆ. ಅದರಲ್ಲಿ 'ಜೀತ' ಇದೆ, 'ಹೊಲ್ಯ' ಇದೆ, 'ಭಗೇಲ' ಇದೆ. ಭಗೇಲ ಎಂಬುದು 1956ರವರೆಗೆ ಬೀದರ್ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಕೃಷಿ ಜೀತಕ್ಕಿದ್ದ ಹೆಸರು. ಒಂದು ಜಾತಿಯ ಹೆಸರೇ ಗುಲಾಮಗಿರಿಯ ಒಂದು ಬಗೆಯ ಹೆಸರಾಗಿ ಶಾಸನದಲ್ಲಿ ಅಚ್ಚಾಗಿರುವುದನ್ನು ನಮ್ಮ ಧರ್ಮಕೇಂದ್ರಗಳ ಗುರುಗಳು ಒಮ್ಮೆ ಓದಿ ನೋಡಬೇಕು. ಮೆಥೊಡಿಸ್ಟರಾಗಲಿ ಕಥೋಲಿಕರಾಗಲಿ, ಈ ಸೀಮೆಯ ಕ್ರೈಸ್ತರಲ್ಲಿ ಬಹುಪಾಲು ದಲಿತ ಮೂಲದವರು. ಇಂದು ಹೆಸರು ಬದಲಾಗಿದೆ. ಮಹಾರಾಷ್ಟ್ರದ ಗಡಿಯುದ್ದಕ್ಕೂ ಕಬ್ಬು ಕಡಿಯುವ ದಂಪತಿಯನ್ನು 'ಒಂದು ಕೊಯ್ತಾ' ಎಂದು ಎಣಿಸಲಾಗುತ್ತದೆ. ಎರಡು ಜೀವ, ಒಂದು ಕತ್ತಿಯ ಹೆಸರು. ಮುಕಾದಮನು ಮಳೆಗಾಲದಲ್ಲಿ ಕೊಟ್ಟ ಮುಂಗಡ ಹಂಗಾಮು ಮುಗಿದರೂ ತೀರದೆ ಮುಂದಿನ ವರ್ಷದ ದುಡಿಮೆಯನ್ನು ಒತ್ತೆಯಿಡುತ್ತದೆ. ಅವರನ್ನು ಯಾರೂ ಕಟ್ಟಿಹಾಕಿಲ್ಲವಲ್ಲ ಎನ್ನುವವರಿಗೆ ಸರ್ವೋಚ್ಚ ನ್ಯಾಯಾಲಯವು 1982ರಲ್ಲಿಯೇ, ಏಷ್ಯಾಡ್ ಕಾರ್ಮಿಕರ ಮೊಕದ್ದಮೆಯಲ್ಲಿ, ಉತ್ತರ ಕೊಟ್ಟಿದೆ: ಬಡತನದ ಒತ್ತಡವೂ ಸಂವಿಧಾನದ 23ನೆಯ ವಿಧಿಯ ಅರ್ಥದಲ್ಲಿ ಬಲವಂತವೇ.

ಭಾಷೆಯೂ ಈ ಸಂಗತಿಯನ್ನು ಮರೆಮಾಚಲು ನೆರವಾಗಿದೆ. ಗ್ರೀಕ್ ಮೂಲದ 'ದೂಲೋಸ್' ಎಂಬ ಪದಕ್ಕೆ ನಮ್ಮ ಕೆಲವು ಅನುವಾದಗಳು ಫಿಲೆಮೋನನ ಪತ್ರದಲ್ಲಿ ಬಳಸಿರುವುದು 'ದಾಸ' ಎಂದು. ಕನ್ನಡ ಕಿವಿಗೆ ದಾಸನೆಂದರೆ ಪುರಂದರದಾಸ, ಕನಕದಾಸ. ಬಸವಕಲ್ಯಾಣ ಇರುವ ಈ ಜಿಲ್ಲೆಯಲ್ಲಿ ದಾಸೋಹ. ಅದು ಗೌರವದ, ಸ್ವಇಚ್ಛೆಯ ಪದ. ರೋಮನರಿಗೆ ಬರೆದ ಪತ್ರದ ಮೊದಲಲ್ಲಿ ಪೌಲನು ತನ್ನನ್ನು ಕ್ರಿಸ್ತನ ದಾಸನೆಂದು ಕರೆದುಕೊಳ್ಳುವಾಗ ಆ ಪದ ಹೊಂದೀತು. ಒನೇಸಿಮನಿಗೆ ಅದೇ ಪದವನ್ನು ತೊಡಿಸಿದಾಗ, ಕೊಳ್ಳಬಹುದಾಗಿದ್ದ ಮಾರಬಹುದಾಗಿದ್ದ ಒಬ್ಬ ಮನುಷ್ಯನು ಭಕ್ತನಂತೆ ಕೇಳಿಸುತ್ತಾನೆ. ಅವನ ಹೆಸರಿನ ಅರ್ಥವೇ 'ಉಪಯುಕ್ತ', ಒಡೆಯರು ಗುಲಾಮರಿಗೆ ಇಡುತ್ತಿದ್ದ ಹೆಸರು. ಆ ಹೆಸರನ್ನು ಹಿಡಿದು ಪೌಲನು ಆಡುವ ಮಾತು 11ನೆಯ ವಚನದಲ್ಲಿದೆ. ಅದೂ ಭಾನುವಾರದ ಓದಿನಲ್ಲಿಲ್ಲ. 'ಜೀತದಾಳು' ಎಂದು ಅನುವಾದಿಸಿದ್ದರೆ ಭಾಲ್ಕಿಯ ಯಾವ ಸಭೆಗೂ ವ್ಯಾಖ್ಯಾನ ಬೇಕಾಗುತ್ತಿರಲಿಲ್ಲ.

ಜಾಲತಾಣಗಳ ಮೂಲಕ ನಡೆಯುವ ಮಾನವ ಕಳ್ಳಸಾಗಣೆಯನ್ನು ಹೊಸ ಪಿಡುಗೆಂದು ವಿವರಿಸುವುದು ವಾಡಿಕೆ. ಸಾಧನ ಹೊಸದು, ನಿಜ. ನೆರೆಯ ಕಲಬುರಗಿ ಜಿಲ್ಲೆಯ ಮೂವರು ಯುವಕರು ಯೂಟ್ಯೂಬ್ ವಾಹಿನಿ ನಡೆಸುತ್ತಿದ್ದ ದಲ್ಲಾಳಿಯ ಮಾತು ನಂಬಿ 2023ರ ಕೊನೆಯಲ್ಲಿ ರಷ್ಯಾಕ್ಕೆ ಹೋದರು. ಉಕ್ರೇನ್ ಯುದ್ಧಕ್ಕೆ ದೂಡಲ್ಪಟ್ಟರು. ಅವರು ಮರಳಿದ್ದು 2024ರ ಸೆಪ್ಟೆಂಬರಿನಲ್ಲಿ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಅಂದಾಜಿಸಿದಂತೆ ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಮಂದಿ ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ಬಲವಂತದ ದುಡಿಮೆಗೆ ಸಿಲುಕಿದ್ದರು. 2025ರ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಎರಡು ದಿನಗಳಲ್ಲಿ 549 ಭಾರತೀಯರನ್ನು ಥಾಯ್ಲೆಂಡ್ ಗಡಿಯಿಂದ ಕರೆತಂದವು. ಆ ಕೇಂದ್ರಗಳ ಒಳಗಿನ ಕ್ರಮವಾದರೋ ಮುಕಾದಮನಿಗೆ ಅಪರಿಚಿತವಲ್ಲ: ಪಾಸ್‌ಪೋರ್ಟ್ ಕಿತ್ತುಕೊಳ್ಳುವುದು, ಪ್ರಯಾಣದ ಖರ್ಚನ್ನೂ ಕೊಂಡ ಬೆಲೆಯನ್ನೂ ಆಳಿನ ಸಾಲವೆಂದು ಬರೆಯುವುದು, ತೀರಿಸಲಾಗದವನನ್ನು ಇನ್ನೊಬ್ಬನಿಗೆ ಮಾರುವುದು.

ಇಲ್ಲಿಯೇ ನಮ್ಮ ಜಾಗೃತಿ ಕಾರ್ಯಗಳ ಬಗ್ಗೆ ಒಂದು ಮಾತು ಹೇಳಬೇಕಾಗಿದೆ. ಸಂತ ಜೋಸೆಫಿನ್ ಬಖೀತಳ ಹಬ್ಬವಾದ ಫೆಬ್ರವರಿ 8ನ್ನು ಪೋಪ್ ಫ್ರಾನ್ಸಿಸ್‌ರವರು 2015ರಿಂದ ಮಾನವ ಕಳ್ಳಸಾಗಣೆಯ ವಿರುದ್ಧ ಪ್ರಾರ್ಥನೆಯ ದಿನವಾಗಿಸಿದರು. ಧಾರ್ಮಿಕ ಭಗಿನಿಯರ ತಾಲಿತಾ ಕುಮ್ ಜಾಲವು ಮಾಡುತ್ತಿರುವ ಕೆಲಸ ದೊಡ್ಡದು. ಆದರೆ ಧರ್ಮಕೇಂದ್ರಗಳ ಮಟ್ಟಕ್ಕೆ ಇಳಿದಾಗ ಉಳಿಯುವುದು ಮೇಣದಬತ್ತಿಯ ಮೆರವಣಿಗೆ, ಮೋಸಹೋಗಬೇಡಿ ಎಂಬ ಭಿತ್ತಿಪತ್ರ. ಎಚ್ಚರಿಕೆಯೆಲ್ಲವೂ ತಾಂಡಾದ ಹುಡುಗಿಗೆ, ಕೆಲಸವಿಲ್ಲದ ಪದವೀಧರನಿಗೆ. ಪೌಲನ ಪತ್ರ ಒನೇಸಿಮನಿಗೆ ಬರೆದದ್ದಲ್ಲ. ಅದು ಒಡೆಯನಿಗೆ ಬರೆದದ್ದು. ಜೊತೆಗೆ ಅಪ್ಫಿಯ, ಅರ್ಖಿಪ್ಪ ಮತ್ತು ಮನೆಯಲ್ಲಿ ಕೂಡುವ ಸಭೆಗೆ, ಎಂದರೆ ಎಲ್ಲರೆದುರು ಓದಲೆಂದು ಬರೆದದ್ದು. ಬಖೀತಳ ಬಿಡುಗಡೆಯೂ ಮೆರವಣಿಗೆಯಿಂದ ಆಗಲಿಲ್ಲ. ಅವಳು ಒಡತಿಯೊಡನೆ ಹೋಗಲಾರೆನೆಂದಳು, ವೆನಿಸಿನ ಭಗಿನಿಯರು ಬೆನ್ನಿಗೆ ನಿಂತರು, 1889ರ ನವೆಂಬರಿನಲ್ಲಿ ನ್ಯಾಯಾಲಯವು ಅವಳು ಸ್ವತಂತ್ರಳೆಂದು ತೀರ್ಪಿತ್ತಿತು.

ಪತ್ರದ ಕೊರತೆಯನ್ನು ನಾವು ಮುಚ್ಚಿಡುವುದಿಲ್ಲ. ಪೌಲನು ಬಿಡುಗಡೆಯನ್ನು ನೇರವಾಗಿ ಕೇಳುವುದಿಲ್ಲ. ಆ ಪದದ ಹೊಸ್ತಿಲಲ್ಲಿ ಬಂದು ನಿಲ್ಲುತ್ತಾನೆಂಬುದನ್ನು ಲೈಟ್‌ಫುಟ್‌ರವರು 1875ರಲ್ಲೇ ಗುರುತಿಸಿದ್ದರು. ಗುಲಾಮರನ್ನು ಒಡೆಯರಿಂದ ಬಿಡಿಸಿಕೊಳ್ಳಬಾರದೆಂಬ ಪಾಠವನ್ನು ಸಂತ ಕ್ರಿಸೊಸ್ತೋಮರಂಥವರೇ ಇದರಿಂದ ತೆಗೆದರು. ಸಾಲದ ವಿಷಯದಲ್ಲಂತೂ 1976ರ ಕಾಯಿದೆ ಪೌಲನಿಗಿಂತ ಮುಂದಿದೆ: ಪೌಲನು ಸಾಲವನ್ನು ತನ್ನ ಮೇಲೆ ಹೊರುತ್ತಾನೆ, ಕಾಯಿದೆಯ 6ನೆಯ ಪ್ರಕರಣ ಜೀತಸಾಲವನ್ನೇ ಅಳಿಸುತ್ತದೆ, ಅದು ಜೀತಸಾಲವಲ್ಲವೆಂದು ತೋರಿಸುವ ಹೊರೆಯನ್ನು 15ನೆಯ ಪ್ರಕರಣ ಸಾಲಿಗನ ಮೇಲೆ ಹೊರಿಸುತ್ತದೆ. ಆದರೂ 18ನೆಯ ವಚನದಲ್ಲಿ ಕಾನೂನು ತಡವರಿಸುವ ಒಂದು ಅಂಶವಿದೆ. ಅಲ್ಲಿ 'ಸಾಲ'ಕ್ಕಿಂತ ಮೊದಲು ಬರುವುದು 'ಅನ್ಯಾಯ'. ವಂಚನೆಯ ಕೇಂದ್ರದಿಂದ ಮರಳಿದ ಯುವಕನು ಹೊಡೆತಕ್ಕೆ ಹೆದರಿ ಯಾರದೋ ಉಳಿತಾಯವನ್ನು ದೋಚಿರಬಹುದು. ಅವನು ನೊಂದವನೂ ಹೌದು, ನೋಯಿಸಿದವನೂ ಹೌದು. ಅಂಥವನಿಗೆ ಪೀಠದ ಮುಂದೆ ಸ್ಥಳ ಯಾವುದೆಂದು ನಮ್ಮ ನೀತಿದೈವಶಾಸ್ತ್ರದ ತರಗತಿಗಳು ಕೇಳಿಕೊಳ್ಳಬೇಕು; ಪೌಲನು ಅವನ ದೋಷವನ್ನು ಅಲ್ಲಗಳೆಯದೆ ಅವನ ಪಕ್ಕದಲ್ಲಿ ನಿಂತನು.

ಕೆಲಸಕ್ಕೆ ದಾರಿಗಳಿವೆ. ಕಾಯಿದೆಯ 13ನೆಯ ಪ್ರಕರಣವು ಜಿಲ್ಲೆ ಮತ್ತು ಉಪವಿಭಾಗಗಳಲ್ಲಿ ಜಾಗೃತಿ ಸಮಿತಿಗಳನ್ನು ವಿಧಿಸುತ್ತದೆ. ಅವುಗಳಲ್ಲಿ ಪರಿಶಿಷ್ಟರಿಗೂ ಸಮಾಜ ಕಾರ್ಯಕರ್ತರಿಗೂ ಸ್ಥಾನವಿದೆ. ಆ ಸಮಿತಿ ಕಳೆದ ಬಾರಿ ಎಂದು ಸಭೆ ಸೇರಿತೆಂದು ಬೀದರಿನ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಲಿಖಿತವಾಗಿ ಕೇಳುವುದಕ್ಕೆ ಮೆರವಣಿಗೆಯ ಖರ್ಚೂ ಬೇಡ. ಮುಂಗಡ ಕೊಡುವವರು, ದಲ್ಲಾಳಿಗಳು, ಮನೆಗೆಲಸಕ್ಕೆ ಎಳೆಯ ಹುಡುಗಿಯರನ್ನು ಇಟ್ಟುಕೊಂಡವರು ನಮ್ಮ ಪೀಠಗಳಲ್ಲೂ ಕುಳಿತಿರಬಹುದು; ಪ್ರಬೋಧನೆ ಅವರನ್ನು ಉದ್ದೇಶಿಸಿ ಇರಲಿ.

ವಾಚನಗ್ರಂಥವು 18ನೆಯ ವಚನವನ್ನು ಪೂರ್ತಿ ಕೈಬಿಟ್ಟಿಲ್ಲ ಎಂಬುದನ್ನೂ ಹೇಳಬೇಕು. ಸಮಸಂಖ್ಯೆಯ ವರ್ಷಗಳಲ್ಲಿ 32ನೆಯ ವಾರದ ಗುರುವಾರ 7ರಿಂದ 20ರವರೆಗಿನ ವಚನಗಳನ್ನು ಓದಲಾಗುತ್ತದೆ. ಆ ಗುರುವಾರ ನವೆಂಬರ್ ತಿಂಗಳಲ್ಲಿ ಬರುತ್ತದೆ. ಅಷ್ಟರಲ್ಲಿ ಕಬ್ಬು ಅರೆಯುವ ಹಂಗಾಮು ಆರಂಭವಾಗಿ, ಮುಂಗಡ ಪಡೆದ ಕುಟುಂಬಗಳು ಊರು ಬಿಟ್ಟಿರುತ್ತವೆ.