‘ಅರಿವು’ ಶಬ್ದದ ಅರ್ಥವಿಚಾರ

ವಚನಗಳಿಗೂ ತತ್ತ್ವಪದಗಳಿಗೂ ಟೀಕೆ ಬರೆಯುವವರಿಗೆ ಹೆಜ್ಜೆಹೆಜ್ಜೆಗೂ ಎದುರಾಗುವ ಶಬ್ದಗಳಲ್ಲಿ ‘ಅರಿವು’ ಎಂಬುದು ಒಂದು. ಇದಕ್ಕೆ ಸಾಮಾನ್ಯವಾಗಿ ಕೊಡುವ ಅರ್ಥ ‘ಜ್ಞಾನ’. ವಿದ್ಯಾರ್ಥಿಯು ಅದನ್ನು ಬರೆದುಕೊಳ್ಳುತ್ತಾನೆ. ಉಪಾಧ್ಯಾಯರು ಮುಂದಿನ ಪಂಕ್ತಿಗೆ ಹೋಗುತ್ತಾರೆ. ಆದರೆ ಈ ಸಮೀಕರಣವನ್ನು ನಂಬಿ ಓದುವವನಿಗೆ ಕೆಲವು ರಚನೆಗಳು ಅರ್ಥವಾಗದೆ ಹೋಗುವುವು. ಮತ್ತೆ ಕೆಲವು ತಪ್ಪಾಗಿ ಅರ್ಥವಾಗುವುವು. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಿನ ಹಾನಿ. ಆದುದರಿಂದ ಈ ಶಬ್ದದ ಮೂಲವನ್ನೂ ಪ್ರಯೋಗವನ್ನೂ ಇದರ ನೆರೆಹೊರೆಯ ಶಬ್ದಗಳನ್ನೂ ಒಟ್ಟಿಗೆ ಇಟ್ಟು ವಿಚಾರಮಾಡುವುದು ಅವಶ್ಯಕವಾಗಿದೆ. ಇಂತಹ ವಿಚಾರಕ್ಕೆ ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯ ಸುತ್ತಣ ಸೀಮೆ, ಎಂದರೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ನಾಡು, ವಿಶೇಷವಾಗಿ ಒದಗಿಬರುವುದು. ಕನ್ನಡವೂ ತೆಲುಗೂ ಉರ್ದುವೂ ಒಂದರ ಮಗ್ಗುಲಲ್ಲಿ ಒಂದು ಬೆಳೆದ ಆ ನಾಡಿನಲ್ಲಿ ಎಚ್ಚರದ ಭಾವವನ್ನು ಹೇಳುವ ಹಲವು ಭಾಷೆಗಳ ಶಬ್ದಗಳು ಒಂದೇ ಕಡೆ ದೊರೆಯುತ್ತವೆ.

ಮೊದಲು ಶಬ್ದದ ರೂಪವನ್ನು ನೋಡಬಹುದು. ಹಳಗನ್ನಡದಲ್ಲಿ ಇದು ಶಕಟರೇಫಯುಕ್ತವಾದ ‘ಅಱಿ’ ಧಾತು. ಅದರಿಂದ ಅಱಿವು, ಅಱಿಕೆ, ಅಱಿಪು ಎಂಬ ರೂಪಗಳು. ಪಕಾರವು ಹಕಾರವಾದ ಮೇಲೆ ಅಱಿಪು ಎಂಬುದು ಅರುಹು ಎಂದಾಯಿತು. ತಮಿಳು ಮಲಯಾಳಗಳಲ್ಲಿಯೂ ‘ಅಱಿ’ ಎಂಬುದೇ ಧಾತು, ‘ಅಱಿವು’ ಎಂಬುದೇ ನಾಮ. ತೆಲುಗಿನಲ್ಲಿ ಇದಕ್ಕೆ ಸಮಾನವಾದವು ಎಱುಗು, ಎಱುಕ ಎಂಬವು. ಹೀಗೆ ದಕ್ಷಿಣದ ನಾಲ್ಕು ಭಾಷೆಗಳಿಗೂ ಇದು ಸಾಧಾರಣವಾದ ಹಳೆಯ ಆಸ್ತಿ. ತಮಿಳಿನ ತೊಲ್ಕಾಪ್ಪಿಯವು ಜೀವಿಗಳನ್ನು ಒಂದು ಅಱಿವುಳ್ಳವು ಮೊದಲಾಗಿ ಆರು ಅಱಿವುಳ್ಳವುಗಳವರೆಗೆ ವಿಂಗಡಿಸುತ್ತದೆ. ಸ್ಪರ್ಶ ಮಾತ್ರವುಳ್ಳ ಹುಲ್ಲು ಮರಗಳಿಗೆ ಒಂದು ಅಱಿವು. ಐದು ಇಂದ್ರಿಯಗಳ ಮೇಲೆ ಮನಸ್ಸನ್ನೂ ಪಡೆದ ಮನುಷ್ಯನಿಗೆ ಆರು. ಹುಲ್ಲಿಗೆ ಜ್ಞಾನವುಂಟೆಂದು ಅಲ್ಲಿಯ ಅಭಿಪ್ರಾಯವಲ್ಲ. ತಾಗಿದ್ದು ಅದಕ್ಕೆ ತಾಗಿತೆಂದು ಗೊತ್ತಾಗುತ್ತದೆ ಎಂಬಷ್ಟೇ ಅಭಿಪ್ರಾಯ. ಶಬ್ದದ ತಳದಲ್ಲಿರುವುದು ವಿದ್ಯೆಯಲ್ಲ, ಸಂವೇದನೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಾಗಿಲ್ಲ.

ಕೇಶಿರಾಜನು ಱಕಾರವನ್ನು ಕನ್ನಡದ ದೇಶೀಯ ವರ್ಣಗಳಲ್ಲಿ ಎಣಿಸಿದ್ದಾನೆ. ನಡುಗನ್ನಡದ ಕಾಲಕ್ಕೆ ಅದು ರಕಾರದಲ್ಲಿ ಲೀನವಾಯಿತು. ಇದರ ಪರಿಣಾಮವಾಗಿ ಬೇರೆಬೇರೆಯಾಗಿದ್ದ ಶಬ್ದಗಳು ಬರೆವಣಿಗೆಯಲ್ಲಿ ಒಂದಾದುವು. ಕತ್ತರಿಸು ಎಂಬರ್ಥದ ಅರಿ, ಶತ್ರುವೆಂಬ ಸಂಸ್ಕೃತದ ಅರಿ, ತಿಳಿ ಎಂಬ ಅಱಿ, ಇವು ಮೂರಕ್ಕೂ ಈಗ ಒಂದೇ ರೂಪ. ಕಷ್ಟವೆಂಬ ‘ಅರಿದು’ ಎಂಬುದೂ ತಿಳಿದು ಎಂಬ ‘ಅಱಿದು’ ಎಂಬುದೂ ಕಣ್ಣಿಗೆ ಒಂದೇ ಆಗಿವೆ. ವಚನಗಳ ಓಲೆಗರಿಯ ಪ್ರತಿಗಳಲ್ಲಿ ಬಹುಭಾಗವು ಈ ವ್ಯತ್ಯಾಸವು ಅಳಿದ ಕಾಲದ ಬರೆವಣಿಗೆಯಾದುದರಿಂದ ಅಕ್ಷರದ ಸಹಾಯವು ಅಲ್ಲಿ ಓದುಗನಿಗೆ ದೊರೆಯದು. ೧೮೯೪ರಲ್ಲಿ ಪ್ರಕಟವಾದ ಕಿಟ್ಟೆಲ್‌ ಅವರ ನಿಘಂಟು ಶಕಟರೇಫವನ್ನು ಉಳಿಸಿಕೊಂಡು ಶಬ್ದಗಳನ್ನು ಬೇರ್ಪಡಿಸಿದ್ದು ಈ ದೃಷ್ಟಿಯಿಂದ ದೊಡ್ಡ ಉಪಕಾರವಾಗಿದೆ.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸತಕ್ಕದ್ದು. ಅರಿವಿಗೆ ಪ್ರತಿಯಾಗಿ ನಿಲ್ಲುವ ‘ಮರವೆ’ಯೂ, ಅದಕ್ಕೆ ಜೊತೆಯಾಗಿ ಬರುವ ‘ಕುರುಹು’ ಎಂಬುದೂ ಮೂಲದಲ್ಲಿ ಶಕಟರೇಫವುಳ್ಳವೇ. ಮಱೆ ಎಂದರೆ ನೆನಪಿನಿಂದ ಜಾರುವುದೂ ಹೌದು, ಕಣ್ಣಿಗೆ ಅಡ್ಡವಾಗುವ ತೆರೆಯೂ ಹೌದು. ‘ಜ್ಞಾನ’ಕ್ಕೆ ವಿರುದ್ಧವಾದುದು ಅಜ್ಞಾನ, ಎಂದರೆ ಇಲ್ಲದಿರುವುದು. ‘ಅರಿವಿ’ಗೆ ವಿರುದ್ಧವಾದುದು ಮರವೆ, ಎಂದರೆ ಇದ್ದೂ ಮುಚ್ಚಿರುವುದು. ಒಂದು ಶಬ್ದದ ಅರ್ಥವನ್ನು ಅದರ ಪ್ರತಿಶಬ್ದದಿಂದ ಅಳೆಯುವ ಕ್ರಮವು ಸರಿಯಾದರೆ ಈ ಎರಡು ಶಬ್ದಗಳು ಒಂದೇ ಅಲ್ಲವೆಂಬುದು ಇಲ್ಲಿಗೇ ಸಿದ್ಧವಾಗುತ್ತದೆ.

ವ್ಯಾಕರಣವೂ ಇದನ್ನೇ ಹೇಳುತ್ತದೆ. ‘ಗೊತ್ತು’ ಎಂಬುದು ಮೊದಲು ಗುರುತು, ನೆಲೆ, ನಿಶ್ಚಯ ಎಂಬರ್ಥದ ನಾಮಪದ; ಆದುದರಿಂದ ಅದು ‘ನನಗೆ ಗೊತ್ತು’ ಎಂದು ಚತುರ್ಥಿಯನ್ನು ಬಯಸುತ್ತದೆ. ‘ತಿಳಿ’ ಎಂಬುದು ಕದಡಿದ ನೀರು ಸ್ವಚ್ಛವಾಗುವುದನ್ನು ಹೇಳುವ ಶಬ್ದ. ಅದು ‘ನಾನು ತಿಳಿದೆ’ ಎಂದೂ ‘ನನಗೆ ತಿಳಿಯಿತು’ ಎಂದೂ ಎರಡು ಬಗೆಯಾಗಿ ನಡೆಯುತ್ತದೆ. ‘ಬಲ್ಲೆ’ ಎಂಬುದರಲ್ಲಿ ತಿಳಿವಿನೊಡನೆ ಸಾಮರ್ಥ್ಯವೂ ಕೂಡಿದೆ. ‘ಅರಿ’ ಧಾತುವಾದರೋ ನೇರವಾಗಿ ಕರ್ತೃವನ್ನು ಹಿಡಿಯುತ್ತದೆ: ನಾನು ಅರಿತೆ, ಅವನು ಅರಿಯನು. ಅರಿಯುವವನಿಲ್ಲದೆ ಅರಿವು ನಿಲ್ಲದು. ಜ್ಞಾನವಾದರೆ ಹಾಗಲ್ಲ. ಅದನ್ನು ಸಂಪಾದಿಸಬಹುದು, ಕೂಡಿಡಬಹುದು, ಗ್ರಂಥಗಳಲ್ಲಿ ತುಂಬಿಡಬಹುದು. ಜ್ಞಾನಭಂಡಾರವೆಂಬ ಮಾತು ಕಿವಿಗೆ ಸಹಜವಾಗಿ ಕೇಳುತ್ತದೆ, ಅರಿವಿನ ಭಂಡಾರವೆಂದರೆ ಕಿವಿ ತಡೆಯುತ್ತದೆ. ವೈಯಾಕರಣನು ನಿದ್ರಿಸುತ್ತಿರುವಾಗಲೂ ಅವನ ವ್ಯಾಕರಣಜ್ಞಾನವು ಅವನದೇ. ಆದರೆ ಆಗ ಅವನಿಗೆ ಅರಿವಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ನೋವು ತಿಳಿಯದಂತೆ ಮಾಡುವುದಕ್ಕೆ ‘ಅರಿವಳಿಕೆ’ ಎಂಬ ಹೆಸರನ್ನು ಟಂಕಿಸಿದವರು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿರಬೇಕು. ಅದನ್ನು ಜ್ಞಾನನಾಶವೆಂದು ಕರೆದಿದ್ದರೆ ರೋಗಿಯು ಹೆದರಿ ಓಡುತ್ತಿದ್ದನು.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡನಾಡಿನ ಜನರನ್ನು ಹೊಗಳುವ ಪ್ರಸಿದ್ಧವಾದ ಭಾಗವು ಇಲ್ಲಿ ಸ್ಮರಣೀಯ. ಅಲ್ಲಿ ‘ಅಱಿ’ ಧಾತುವು ಎರಡು ಸಲ ಬಂದಿದೆ: ಒಮ್ಮೆ ಔಚಿತ್ಯವನ್ನು ಕಂಡು ಮಾತನಾಡುವುದನ್ನು ಕುರಿತು, ಇನ್ನೊಮ್ಮೆ ಇತರರು ಆಡಿದುದನ್ನು ಗ್ರಹಿಸಿ ತೂಗಿನೋಡುವುದನ್ನು ಕುರಿತು. ಅದೇ ಸಂದರ್ಭದಲ್ಲಿ ಆ ಜನರು ವಿಧಿವತ್ತಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರೆಂಬ ಹೊಗಳಿಕೆಯೂ ಇದೆ. ಓದು ಬೇರೆ, ಅರಿವು ಬೇರೆ ಎಂಬ ವಿವೇಕವು ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದರಲ್ಲಿಯೇ ಕಾಣುತ್ತದೆ. ಪದಕೋಶಕಾರರು ಅದನ್ನು ಮರೆತಿರುವುದು ವಿಷಾದಕರ.

ಈಗ ಬಡವನಹಳ್ಳಿಯ ಸೀಮೆಯ ಮಾತಿಗೆ ಬರಬಹುದು. ಸಿರಾ ಪಟ್ಟಣವು ೧೬೮೭ರಲ್ಲಿ ಮೊಗಲರ ವಶವಾಗಿ ಅವರ ಸುಬೆಯೊಂದಕ್ಕೆ ರಾಜಧಾನಿಯಾಯಿತು. ಹೋಷ್ ಎಂಬ ಪಾರಸಿ ಶಬ್ದಕ್ಕೆ ಪ್ರಜ್ಞೆಯೆಂದು ಅರ್ಥ, ಅದುಳ್ಳವನು ಹೋಷಿಯಾರ್. ಉರ್ದುವಿನ ಮೂಲಕ ಬಂದ ಆ ಶಬ್ದವು ಕನ್ನಡದಲ್ಲಿ ‘ಹುಷಾರು’ ಎಂದಾಗಿ, ಮೊದಲು ಜಾಗರೂಕತೆಯನ್ನೂ ಬಳಿಕ ದೇಹಸ್ವಾಸ್ಥ್ಯವನ್ನೂ ಹೇಳತೊಡಗಿತು. ಹುಷಾರಿಲ್ಲವೆಂದರೆ ಈಗ ಕಾಯಿಲೆಯೆಂದೇ ಅರ್ಥ. ‘ಜ್ಞಾನ’ ಶಬ್ದವೂ ಹಳ್ಳಿಯ ನಾಲಗೆಯ ಮೇಲೆ ‘ಗ್ಯಾನ’ವಾಗಿ ಹೊಸ ಜನ್ಮವನ್ನು ಪಡೆದಿದೆ. ಗ್ಯಾನವಿಟ್ಟು ನೋಡು ಎಂದರೆ ಗಮನವಿಟ್ಟು ನೋಡು ಎಂದು. ಗ್ಯಾನ ತಪ್ಪಿತು ಎಂದರೆ ಮೂರ್ಛೆ ಬಂದಿತು ಎಂದು. ಶಾಸ್ತ್ರವನ್ನು ಕಲಿತವನು ಶಾಸ್ತ್ರವನ್ನು ಮರೆತರೆ ಅವನಿಗೆ ಗ್ಯಾನ ತಪ್ಪಿತೆಂದು ಯಾರೂ ಹೇಳುವುದಿಲ್ಲ. ಇದು ಕೇವಲ ಉಚ್ಚಾರಣೆಯ ವಿಕಾರವಲ್ಲ. ಪಂಡಿತರು ಅರಿವನ್ನು ಜ್ಞಾನದ ಕಡೆಗೆ ಎಳೆದರೆ, ಜನರು ಜ್ಞಾನವನ್ನು ಅರಿವಿನ ಕಡೆಗೆ ಎಳೆದುಕೊಂಡಿದ್ದಾರೆ. ಸಂಸ್ಕೃತದ ಶಬ್ದವು ಬಂದರೂ ಅದಕ್ಕೆ ತಮಗೆ ಬೇಕಾದ ಹಳೆಯ ಅರ್ಥವನ್ನೇ ತೊಡಿಸಿದ್ದಾರೆ.

ಈ ಸೀಮೆಯ ಪೂರ್ವದಲ್ಲಿಯೂ ಉತ್ತರದಲ್ಲಿಯೂ ತೆಲುಗು ಬಳಕೆಯ ಮಾತು. ಪಾವಗಡ ತಾಲ್ಲೂಕನ್ನು ಬಹುಪಾಲು ಆಂಧ್ರವೇ ಸುತ್ತುವರಿದಿದೆ. ಅಲ್ಲಿಯ ‘ಎಱುಕ’ ಎಂಬುದು ಅರಿವಿನ ಒಡಹುಟ್ಟು. ತೆಲುಗಿನಲ್ಲಿ ಭವಿಷ್ಯ ನುಡಿಯುವುದಕ್ಕೂ ಎಱುಕ ಹೇಳುವುದೆಂದೇ ಹೆಸರು. ಕನ್ನಡದಲ್ಲಿ ಅದು ಕಾಣುವುದರಿಂದ ಬಂದ ‘ಕಣಿ’. ಆದರೆ ಇದಕ್ಕಿಂತ ಮುಖ್ಯವಾದುದು ಈ ಶಬ್ದಕ್ಕೆ ಅಚಲಪಂಥದ ತೆಲುಗು ತತ್ತ್ವಗ್ರಂಥಗಳಲ್ಲಿ ದೊರೆತಿರುವ ಸ್ಥಾನ. ಆ ಪಂಥದವರ ಮತದಲ್ಲಿ ಎಱುಕವೇ ಪರಮಾರ್ಥವಲ್ಲ. ಎಱುಕವು ಮೂಡುವುದು, ಮುಳುಗುವುದು. ನಾನೆಂಬುದು ಅದರ ಜೊತೆಯಲ್ಲಿಯೇ ಹುಟ್ಟುವುದು. ಮೂಡಿ ಮುಳುಗುವುದೆಲ್ಲವೂ ಚಲನೆಯುಳ್ಳದ್ದು, ಅಚಲವಾದುದು ಬಯಲೊಂದೇ. ಆದುದರಿಂದ ಎಱುಕವನ್ನೂ ಕಳೆದುಕೊಳ್ಳಬೇಕೆಂದು ಅವರ ಉಪದೇಶ.

ಇದೇ ಬಗೆಯ ಮಾತು ವಚನಗಳಲ್ಲಿಯೂ, ಮುಖ್ಯವಾಗಿ ಅಲ್ಲಮಪ್ರಭುವಿನವುಗಳಲ್ಲಿ, ಕಾಣುತ್ತದೆ. ಅರಿವಿಗಾಗಿ ಕುರುಹನ್ನು ಹಿಡಿಯುವುದು, ಅರಿವು ನೆಲೆಗೊಂಡ ಮೇಲೆ ಕುರುಹು ಜಾರುವುದು, ಕಡೆಗೆ ಅರಿವು ಮರವೆಗಳೆರಡೂ ಅಳಿದು ಬಯಲಾಗುವುದು, ಇವು ಶೂನ್ಯಸಂಪಾದನೆಯ ಸಂವಾದಗಳಲ್ಲಿ ಮತ್ತೆ ಮತ್ತೆ ಬರುವ ಭಾವಗಳು. ಆ ಗ್ರಂಥದ ಪರಿಷ್ಕರ್ತರಲ್ಲಿ ಒಬ್ಬನಾದ ಸಿದ್ಧವೀರಣಾರ್ಯನು ತುಮಕೂರಿಗೆ ಸಮೀಪದ ಗೂಳೂರಿನ ಹೆಸರನ್ನು ಹೊತ್ತವನು. ಅವನಿಗೆ ಸ್ಫೂರ್ತಿಯ ಕೇಂದ್ರದಂತಿದ್ದ ತೋಂಟದ ಸಿದ್ಧಲಿಂಗಯತಿಯ ಎಡೆಯೂರು ಕುಣಿಗಲಿನ ಸೀಮೆಯದು. ಈ ಜಿಲ್ಲೆಯ ನೆಲಕ್ಕೆ ಈ ಶಬ್ದದ ಜಿಜ್ಞಾಸೆಯು ಹೊಸದಲ್ಲ. ಅಚಲಪಂಥಕ್ಕೂ ವಚನಕಾರರಿಗೂ ನೇರವಾದ ಸಂಬಂಧವನ್ನು ಕಲ್ಪಿಸುವುದು ಇಲ್ಲಿಯ ಉದ್ದೇಶವಲ್ಲ. ಎರಡು ಭಾಷೆಗಳ ಒಂದೇ ಮೂಲದ ಶಬ್ದವು ಎರಡು ಪಂಥಗಳಲ್ಲಿ ಒಂದೇ ಬಗೆಯ ಕೆಲಸವನ್ನು ಮಾಡಿದೆ ಎಂಬುದಷ್ಟೇ ಗಮನಾರ್ಹ.

ಈಗ ಮೊದಲಿನ ಪದಕೋಶದ ಅರ್ಥವನ್ನು ಇಲ್ಲಿಗೆ ತಂದು ಇಟ್ಟು ನೋಡಬಹುದು. ಅರಿವೆಂದರೆ ಜ್ಞಾನವೆಂದೂ, ಜ್ಞಾನವೆಂದರೆ ವೇದಾಂತಿಗಳು ಬ್ರಹ್ಮಸ್ವರೂಪವೆಂದು ಹೇಳುವ ಜ್ಞಾನವೆಂದೂ ಗ್ರಹಿಸಿದರೆ, ಅರಿವೂ ಅಳಿಯಬೇಕೆಂಬ ಮಾತು ವಿರುದ್ಧೋಕ್ತಿಯಾಗುವುದು. ಟೀಕಾಕಾರನು ಆಗ ಎರಡರಲ್ಲಿ ಒಂದನ್ನು ಮಾಡಬೇಕಾಗುತ್ತದೆ: ಅಲ್ಲಮನು ಬೆಡಗಿಗಾಗಿ ಹೀಗೆಂದನೆಂದು ಹೇಳಿ ಜಾರಿಕೊಳ್ಳಬೇಕು, ಇಲ್ಲವೆ ಅಲ್ಲಿ ಅರಿವೆಂದರೆ ಅಲ್ಪಜ್ಞಾನವೆಂದು ಮೂಲದಲ್ಲಿಲ್ಲದ ವಿಶೇಷಣವನ್ನು ಸೇರಿಸಬೇಕು. ಎರಡೂ ಅನಾವಶ್ಯಕ. ಅರಿವೆಂದರೆ ಒಬ್ಬನಲ್ಲಿ ಮೂಡುವ ಎಚ್ಚರ ಎಂದು ಗ್ರಹಿಸಿದರೆ ಮಾತು ನೇರವಾಗಿಯೇ ಅರ್ಥ ಕೊಡುತ್ತದೆ. ಎಚ್ಚರವಿರುವವರೆಗೆ ಎಚ್ಚತ್ತವನೊಬ್ಬನು ಉಳಿದಿರುತ್ತಾನೆ. ಆ ಉಳಿದವನನ್ನು ಕುರಿತೇ ವಚನಕಾರನ ಆಕ್ಷೇಪಣೆ.

ಇದಕ್ಕೆ ಪ್ರತಿಯಾಗಿ ಒಂದು ವಾದವನ್ನು ಹೂಡಬಹುದು. ಹಳೆಯ ಕವಿಗಳೂ ಶಾಸ್ತ್ರಕಾರರೂ ಅನೇಕ ಕಡೆ ಅರಿವನ್ನು ಜ್ಞಾನಕ್ಕೆ ಪರ್ಯಾಯವಾಗಿಯೇ ಬಳಸಿರುವರು. ವಚನಗಳಲ್ಲಿಯೂ ಹಾಗೆ ಬಳಸಿದ ಸ್ಥಳಗಳುಂಟು. ಆದುದರಿಂದ ಪದಕೋಶವು ಸುಳ್ಳಲ್ಲ ಎಂಬುದು ಆ ವಾದ. ಇದು ನಿಜವೇ. ಶಬ್ದವೊಂದು ಸಾವಿರ ವರ್ಷಗಳ ಕಾಲ ಬಳಕೆಯಲ್ಲಿರುವಾಗ ಅದರ ಅಂಚುಗಳು ಸವೆಯುವುದು ಸಹಜ. ಆದರೆ ಎರಡು ಶಬ್ದಗಳು ಕೆಲವೆಡೆ ಒಂದರ ಸ್ಥಾನದಲ್ಲಿ ಒಂದು ನಿಲ್ಲಬಲ್ಲವು ಎಂಬುದರಿಂದ ಎಲ್ಲೆಡೆಯೂ ನಿಲ್ಲಬಲ್ಲವು ಎಂದು ಸಿದ್ಧವಾಗದು. ಅರಿವು ಮರವೆಯ ಎದುರು ನಿಂತಿದೆಯೆ, ಕುರುಹಿನ ಜೊತೆಗೆ ಬಂದಿದೆಯೆ, ಓದಿನಿಂದ ಬೇರ್ಪಟ್ಟಿದೆಯೆ ಎಂದು ಪ್ರತಿ ಸಂದರ್ಭದಲ್ಲಿಯೂ ಕೇಳಬೇಕು. ಈ ಮೂರರಲ್ಲಿ ಯಾವುದೊಂದು ಇದ್ದರೂ ‘ಜ್ಞಾನ’ವೆಂಬ ಅರ್ಥವು ಸಾಲದು.

ಈ ವಿಚಾರವು ಹಳೆಯ ಗ್ರಂಥಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಈಚಿನ ಆಡಳಿತದ ಕನ್ನಡದಲ್ಲಿ ‘ಅರಿವು ಮೂಡಿಸುವುದು’ ಎಂಬ ಮಾತು ಬಹಳವಾಗಿ ಬಳಕೆಗೆ ಬಂದಿದೆ. ಗ್ರಾಮಪಂಚಾಯಿತಿಯ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ವೆಂಬ ಹೆಸರು ಬಂದಿದೆ. ಈ ಪ್ರಯೋಗಗಳನ್ನು ಅಶುದ್ಧವೆಂದು ತಳ್ಳುವುದು ಸರಿಯಲ್ಲ. ಇತರರಿಗೆ ಅರಿವಾಗುವಂತೆ ಮಾಡುವ ಭಾವವು ಅರಿಪು, ಅರುಹು, ಅರಿಕೆ ಎಂಬ ರೂಪಗಳಲ್ಲಿ ಮೊದಲಿನಿಂದಲೂ ಇದೆ. ಆದರೆ ಆ ರೂಪಗಳು ಸಾಗುವ ದಿಕ್ಕನ್ನು ನೋಡತಕ್ಕದ್ದು. ಅರಿಕೆಯನ್ನು ಮಾಡಿಕೊಳ್ಳುವವನು ಚಿಕ್ಕವನು, ಕೇಳುವವನು ದೊಡ್ಡವನು. ರೈತನು ತನ್ನ ಕಷ್ಟವನ್ನು ಅಧಿಕಾರಿಗೆ ಅರಿಕೆ ಮಾಡಿಕೊಳ್ಳುವನು. ಅರುಹುವುದರಲ್ಲಿ ಗುರುವು ಶಿಷ್ಯನಿಗೆ ಎದುರಾಗಿ ಕುಳಿತಿರುವನು. ಅರಿವು ಮೂಡಿಸುವುದರಲ್ಲಾದರೋ ಮಾತು ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯುತ್ತದೆ. ಕೆಳಗಿರುವವನಿಗೆ ಮೊದಲು ಅರಿವೇ ಇರಲಿಲ್ಲವೆಂಬ ಎಣಿಕೆಯೂ ಅದರಲ್ಲಿ ಅಡಗಿದೆ. ಆತನಿಗೆ ಇಲ್ಲದಿದ್ದುದು ಕಾನೂನಿನ ಅಥವಾ ಔಷಧದ ಮಾಹಿತಿ, ಅರಿವಲ್ಲ. ಮಾಹಿತಿಯನ್ನು ಕೊಡಬಹುದು, ಅರಿವನ್ನು ಕೊಡಲಾಗದು, ಅದು ಮೂಡಬೇಕಾದುದು. ಸೂರ್ಯನಂತೆ, ಮೊಳಕೆಯಂತೆ ತಾನಾಗಿ ಮೂಡುವುದಕ್ಕೆ ಪ್ರೇರಣಾರ್ಥಕ ಪ್ರತ್ಯಯವನ್ನು ಹಚ್ಚುವಾಗ ಇಷ್ಟಾದರೂ ನೆನಪಿರಬೇಕು.

ಆದುದರಿಂದ ಪಾಠ್ಯಪುಸ್ತಕಗಳಲ್ಲಿ ಈ ಶಬ್ದಕ್ಕೆ ಒಂದೇ ಅರ್ಥವನ್ನು ಬರೆಯುವ ಪದ್ಧತಿಯನ್ನು ಬಿಡುವುದು ಯುಕ್ತವಾಗಿ ತೋರುತ್ತದೆ. ಸಂವೇದನೆ, ಎಚ್ಚರ, ವಿವೇಕ, ಜ್ಞಾನ ಎಂಬ ನಾಲ್ಕು ಅರ್ಥಗಳನ್ನು ಈ ಕ್ರಮದಲ್ಲಿಯೇ ಕೊಟ್ಟು, ಪ್ರತಿಯೊಂದಕ್ಕೂ ಸಂದರ್ಭವನ್ನು ಸೂಚಿಸಿದರೆ ವಿದ್ಯಾರ್ಥಿಗೆ ದಾರಿ ಸುಗಮವಾಗುವುದು. ಗಡಿನಾಡಿನ ತತ್ತ್ವಪದಗಳನ್ನು ಸಂಗ್ರಹಿಸುವವರು ಎಱುಕ, ಅರಿವು, ಗ್ಯಾನ ಎಂಬ ರೂಪಗಳನ್ನು ‘ಜ್ಞಾನ’ವೆಂದು ತಿದ್ದದೆ ಹಾಡುವವರ ಬಾಯಲ್ಲಿ ಇದ್ದಂತೆಯೇ ಬರೆದುಕೊಳ್ಳುವುದು ಅತ್ಯಾವಶ್ಯಕ. ಹಾಗೆ ತಿದ್ದಿದ ಪ್ರತಿಯಿಂದ ಹಾಡಿದವನು ಏನನ್ನು ಬಿಡಬೇಕೆಂದು ಹೇಳಿದನೆಂಬುದನ್ನು ಮುಂದೆ ಯಾರೂ ಅರಿಯಲಾರರು.