ಅಂತರಪಟ ಸರಿಯುವ ಕ್ಷಣ

ಹಳೆಯ ಮೈಸೂರು ಸೀಮೆಯ ಹಳ್ಳಿಯ ಮದುವೆಯಲ್ಲಿ ವಧೂವರರ ನಡುವೆ ಹಿಡಿದ ಅಂತರಪಟವು ಮುಹೂರ್ತಕ್ಕೆ ಸರಿಯಾಗಿ ಸರಿಯುತ್ತದೆ. ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲವನ್ನಿಡುತ್ತಾರೆ, ವಾದ್ಯ ಮೊಳಗುತ್ತದೆ, ಅಕ್ಷತೆ ಬೀಳುತ್ತದೆ. ಇದೆಲ್ಲವೂ ಕೆಲವೇ ಕ್ಷಣಗಳ ಸಂಗತಿ. ಆ ಕ್ಷಣವು ತನಗೆ ಸಿಕ್ಕಲಿಲ್ಲವೆಂದು ಛಾಯಾಗ್ರಾಹಕನು ಕೈಯೆತ್ತಿದರೆ, ಪುರೋಹಿತರು ಮಂತ್ರವನ್ನು ನಿಲ್ಲಿಸಿ ಪಟವನ್ನು ಮತ್ತೊಮ್ಮೆ ಹಿಡಿಸುವುದು ಇಂದು ಅಪರೂಪವಲ್ಲ. ಎರಡನೆಯ ಸಲ ಸರಿದ ಪಟದ ಹಿಂದೆ ಇರುವವಳು ವಧುವಲ್ಲ, ವಧುವಿನ ಪಾತ್ರ ವಹಿಸಿದವಳು. ಚಿತ್ರವು ಸ್ಫುಟವಾಗಿ ಬಂದಿರಬಹುದು. ಆದರೆ ಅದು ಮದುವೆಯ ಚಿತ್ರವಲ್ಲ.

ನಡೆಯುವುದನ್ನು ನಡೆದಂತೆಯೇ ಹಿಡಿಯಬೇಕೆಂಬ ಮಾರ್ಗಕ್ಕೆ ಫ್ರಾನ್ಸಿನ ಆನ್ರಿ ಕಾರ್ತಿಯೆ ಬ್ರೆಸೋನ್ (1908–2004) ಅವರ ಹೆಸರು ಅಂಟಿಕೊಂಡಿದೆ. ತಮ್ಮ ಸಣ್ಣ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳನ್ನು ಅವರು ಕಪ್ಪು ಪಟ್ಟಿಯಿಂದ ಮುಚ್ಚಿಕೊಳ್ಳುತ್ತಿದ್ದರು. ಇದ್ದ ಬೆಳಕಿಗೆ ಗೌರವ ತೋರಬೇಕೆಂಬ ಕಾರಣದಿಂದ ಫ್ಲ್ಯಾಶ್ ಬಳಕೆಯನ್ನು ಒಪ್ಪುತ್ತಿರಲಿಲ್ಲ. ನಮ್ಮ ನಾಡಿನಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ಸಾಮಾನ್ಯ ಜನರ ದಿನನಿತ್ಯದ ಬದುಕನ್ನೇ ತಮ್ಮ ವಸ್ತುವಾಗಿ ಮಾಡಿಕೊಂಡರು. 1977ರಲ್ಲಿ ಪದ್ಮಶ್ರೀ ಪಡೆದರು. ಇಂಥವರ ಚಿತ್ರಗಳ ಬೆಲೆಯು ಎದುರಿನ ಮನುಷ್ಯನನ್ನು ಆಜ್ಞೆಗೆ ಒಳಪಡಿಸದ ಸಂಯಮದಲ್ಲಿದೆ.

ಈ ಸಹಜತೆಯೇ ಈಗ 'ಕ್ಯಾಂಡಿಡ್' ಎಂಬ ಹೆಸರಿನಲ್ಲಿ ಮಾರಾಟದ ಸರಕಾಗಿದೆ. ಕ್ಯಾಮೆರಾ ಕಡೆಗೆ ನೋಡದೆ ನಗಬೇಕೆಂದು ವಧುವಿಗೆ ಹೇಳಿಕೊಡಲಾಗುತ್ತದೆ. ಗೆಳತಿಯರು ಅಕಸ್ಮಾತ್ತಾಗಿ ಬಂದಂತೆ ಬಂದು ಅಪ್ಪಿಕೊಳ್ಳುತ್ತಾರೆ. ಸಾಲಾಗಿ ನಿಂತು ತೆಗೆಸಿಕೊಂಡ ಹಳೆಯ ಕುಟುಂಬಚಿತ್ರವು ಇದಕ್ಕಿಂತ ಪ್ರಾಮಾಣಿಕವಾದದ್ದು. ಅದು ತಾನು ಸಾಲು ನಿಲ್ಲಿಸಿದ ಚಿತ್ರವೆಂಬುದನ್ನು ಮರೆಮಾಚುವುದಿಲ್ಲ. ಪ್ಯಾರಿಸ್ಸಿನ ಬೀದಿಯಲ್ಲಿ ಚುಂಬಿಸುವ ಜೋಡಿಯ ಚಿತ್ರವನ್ನು ರೋಬೆರ್ ದ್ವಾನೊ 1950ರಲ್ಲಿ ತೆಗೆದರು. ಬಹುಕಾಲ ಜಗತ್ತು ಅದನ್ನು ಅಕಸ್ಮಾತ್ ಕಂಡ ದೃಶ್ಯವೆಂದೇ ನಂಬಿತ್ತು. ಆ ಜೋಡಿ ತಾವೇ ಎಂದು ಬೇರೆ ದಂಪತಿಗಳು ನ್ಯಾಯಾಲಯಕ್ಕೆ ಹೋದಾಗ, ಅದು ನಾಟಕ ಕಲಿಯುತ್ತಿದ್ದ ಯುವಜೋಡಿಯೊಂದನ್ನು ಕೇಳಿಕೊಂಡು ತೆಗೆದ ಚಿತ್ರವೆಂಬುದು 1990ರ ದಶಕದಲ್ಲಿ ಬಹಿರಂಗವಾಯಿತು. ಚಿತ್ರದ ಸೊಬಗು ಆಗಲೂ ಕುಂದಲಿಲ್ಲ. ಕುಂದಿದ್ದು ನೋಡುವವರ ನಂಬಿಕೆ. ವ್ಯವಹಾರದಲ್ಲಾಗಲಿ ಕಲೆಯಲ್ಲಾಗಲಿ, ಇರುವುದಕ್ಕೆ ಇಲ್ಲದ ಗುಣವನ್ನು ಹಚ್ಚುವುದು ಲೋಪವೇ ಸರಿ.

ಹಾಗಾದರೆ ಯಾರಿಗೂ ತಿಳಿಯದಂತೆ ತೆಗೆದ ಚಿತ್ರವೆಲ್ಲವೂ ನಿರ್ದೋಷವೇ? ಇಲ್ಲಿ ಎಚ್ಚರ ಬೇಕು. ಕಾರ್ತಿಯೆ ಬ್ರೆಸೋನ್ ಅವರ 1952ರ ಪ್ರಸಿದ್ಧ ಗ್ರಂಥವು ಇಂಗ್ಲಿಷಿನಲ್ಲಿ 'ನಿರ್ಣಾಯಕ ಕ್ಷಣ' ಎಂಬರ್ಥದ ಹೆಸರನ್ನು ಪಡೆಯಿತು. ಮೂಲ ಫ್ರೆಂಚ್ ಹೆಸರಿಗೆ ಅವಸರದಲ್ಲಿ, ಕದ್ದುಮುಚ್ಚಿ ತೆಗೆದ ಚಿತ್ರಗಳೆಂಬ ಛಾಯೆಯಿದೆ. ಪರವಾನಗಿಯಿಲ್ಲದೆ ಬೀದಿಯಲ್ಲಿ ಮಾರುವವರ ವ್ಯಾಪಾರಕ್ಕೂ ಅದೇ ಮಾತು ಸಲ್ಲುತ್ತದೆ. ಒಂದೇ ಕೃತಿಗೆ ದೊರೆತ ಈ ಎರಡು ಹೆಸರುಗಳು ಈ ಕಲೆಯ ಗುಣವನ್ನೂ ಅಪಾಯವನ್ನೂ ಒಟ್ಟಿಗೆ ಹೇಳುತ್ತವೆ. ಹೆಣ್ಣೊಪ್ಪಿಸುವಾಗ ತಾಯಿಯ ಕಣ್ಣೀರು, ಹಿತ್ತಲಿನಲ್ಲಿ ದಣಿದು ಕುಳಿತ ಅಡುಗೆಯ ಹೆಂಗಸು, ಕೊನೆಯ ಪಂಕ್ತಿಯಲ್ಲಿ ಆತುರದಿಂದ ಉಣ್ಣುವ ಬಡ ನೆಂಟ – ಇವೆಲ್ಲವೂ ಸಹಜ ದೃಶ್ಯಗಳೇ. ಆದರೆ ಕಣ್ಣಿಗೆ ಬಿದ್ದದ್ದೆಲ್ಲವೂ ಕೊಟ್ಟದ್ದಲ್ಲ. ಮದುವೆಯ ಕರೆಯೋಲೆಯು ಊಟಕ್ಕೂ ಹರಸುವುದಕ್ಕೂ ಕೊಟ್ಟ ಆಹ್ವಾನ. ಪರರ ದೈನ್ಯವನ್ನು ಒಯ್ಯಲು ಕೊಟ್ಟ ಅಪ್ಪಣೆಯಲ್ಲ. ಅದರಲ್ಲೂ ಈಗ ಚಿತ್ರವು ಆಲ್ಬಮ್ಮಿನೊಳಗೆ ಉಳಿಯುವುದಿಲ್ಲ. ಆರತಕ್ಷತೆ ಮುಗಿಯುವ ಮೊದಲೇ ಅದು ನೂರು ಮೊಬೈಲುಗಳನ್ನು ಸೇರಿರುತ್ತದೆ.

ಆದುದರಿಂದ ಸಹಜ ಛಾಯಾಗ್ರಹಣವನ್ನು ಎರಡು ಮಾತುಗಳಿಂದ ಅಳೆಯಬೇಕು. ಒಂದು, ಚಿತ್ರಕ್ಕಾಗಿ ಯಾವ ಕಾರ್ಯವೂ ನಿಲ್ಲಬಾರದು, ಮರುಕಳಿಸಬಾರದು. ಎರಡು, ಚಿತ್ರದಲ್ಲಿರುವವರ ಕೈಗೆ ಅದನ್ನೇ ಕೊಟ್ಟರೆ ಅವರು ತಲೆ ತಗ್ಗಿಸುವಂತಿರಬಾರದು. ಮೊದಲನೆಯದು ಸತ್ಯಕ್ಕೆ ಸಂಬಂಧಿಸಿದ್ದು, ಎರಡನೆಯದು ದಯೆಗೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಚಿತ್ರವು ಹುಸಿಯಾಗುತ್ತದೆ, ಇಲ್ಲವೆ ಕ್ರೂರವಾಗುತ್ತದೆ.

ಚಪ್ಪರದ ಮಬ್ಬು ಬೆಳಕಿನಲ್ಲಿ ಇದು ಆಗದೆಂಬ ನೆಪವೂ ಈಗ ಉಳಿದಿಲ್ಲ. ಇಂದಿನ ಡಿಜಿಟಲ್ ಕ್ಯಾಮೆರಾಗಳು ಅಗಲ ಬಾಯಿಯ ಮಸೂರವಿದ್ದರೆ ದೀಪದ ಬೆಳಕಿನಲ್ಲಿಯೂ ಚಿತ್ರವನ್ನು ಹಿಡಿಯಬಲ್ಲವು. ಕೊರತೆಯಿರುವುದು ಸಲಕರಣೆಯಲ್ಲಲ್ಲ, ಮೊದಲೇ ಆಡಬೇಕಾದ ಮಾತಿನಲ್ಲಿ. ವೀಳ್ಯ ಕೊಡುವ ದಿನವೇ ಮನೆಯ ಹಿರಿಯರು ಛಾಯಾಗ್ರಾಹಕನಿಗೆ ಎಲ್ಲಿ ನಿಲ್ಲಬೇಕು, ಯಾವ ಹೊತ್ತಿನಲ್ಲಿ ದೂರವಿರಬೇಕು, ಯಾವ ಚಿತ್ರವನ್ನು ಮನೆಯವರಿಗೆ ತೋರಿಸದೆ ಹೊರಗೆ ಕಳುಹಿಸಬಾರದು ಎಂಬುದನ್ನು ತಿಳಿಸಬೇಕು. ಅಂತರಪಟ ಸರಿಯುವ ಕ್ಷಣವು ಅವನ ಕೈತಪ್ಪಿದರೆ ತಪ್ಪಲಿ. ಅದನ್ನು ಕಾಣಬೇಕಾದ ಇಬ್ಬರು ಕಂಡಿದ್ದಾರೆ.